ಗೋಯೋ ಅಜ್ಜನ ಪಾಲಾದವಳು

ಅವರೆ ಹೊಲದಲ್ಲಿ ಸಿಡಿಲು ಬಡಿದಾಗ ತಿಯೋಫಿಲಾಗೆ ಪ್ವೆಬ್ಲಾ ಪಟ್ಟಣದ ಬೇಕರಿಯವನೊಂದಿಗೆ ಮದುವೆ ಗೊತ್ತಾಗಿತ್ತು. ಪಕ್ಕದಲ್ಲಿದ್ದ ಕತ್ತೆ ಸತ್ತಿತು, ಇವಳು ಬದುಕಿದಳು. ನಮ್ಮ ಸೀಮೆಯಲ್ಲಿ ಹಾಗೆ ಬದುಕಿದವರನ್ನು ಬೆಟ್ಟವೇ ಆರಿಸಿಕೊಂಡಿದೆ ಎನ್ನುತ್ತಾರೆ. ಊರಿನ ಮೇಲೆ ಹೊಗೆಯುಗುಳುವ ಬೆಂಕಿಬೆಟ್ಟ ಪೋಪೊಕಾತೆಪೆತ್ಲ್ ನಮಗೆ ಗೋಯೋ ಅಜ್ಜ. ಮುದುಕನ ರೂಪದಲ್ಲಿ ಹರಕು ಕೋಟು ತೊಟ್ಟು ಮನೆಬಾಗಿಲಿಗೆ ಬಂದು ರೊಟ್ಟಿ ಬೇಡುತ್ತಾನೆ. ಕೊಡದವರ ಹೊಲಕ್ಕೆ ಆಲಿಕಲ್ಲು ಸುರಿಯುತ್ತಾನೆ. ತಾನು ಆರಿಸಿಕೊಂಡವರ ಕನಸಿಗೆ ಬಂದು ಮಾತಾಡುತ್ತಾನೆ.

"ಮದುವೆ ಗಿದುವೆ ಮರ್ತುಬಿಡಮ್ಮ. ಅಜ್ಜ ನಿನ್ನ ಕೇಳಿದಾನೆ," ಎಂದ ಊರ ಹಿರಿಯ ಅನಾಕ್ಲೆತೋ.

"ನನ್ನ ಯಾರು ಕೇಳಿದ್ರು ಮಾವ?"

ಮದುವೆ ಮುರಿಯಿತು. ಅಂದಿನಿಂದ ಪ್ರತಿ ಮಾರ್ಚಿನಲ್ಲಿ ಅಜ್ಜನಿಗೆ ಹೊಸ ಬಟ್ಟೆ, ಕೋಳಿ ಸಾರು ಹೊತ್ತು ಬೆಟ್ಟದ ಗವಿಗೆ ಹೋಗುವುದು ಅವಳ ಪಾಲಿಗೆ ಬಂತು. ಹದವಾಗಿ ಮಳೆಯಾದರೆ ಅವಳನ್ನು ಯಾರೂ ನೆನೆಯುತ್ತಿರಲಿಲ್ಲ. ಆಲಿಕಲ್ಲು ಬಿದ್ದರೆ ಅವಳ ಬಾಗಿಲಿಗೆ ಕಲ್ಲು ಬೀಳುತ್ತಿತ್ತು. ಒಮ್ಮೆ ಹೇಳದೆ ಕೇಳದೆ ಪ್ವೆಬ್ಲಾ ಬಸ್ಸು ಹತ್ತಿದಳು. ಅದೇ ಸಂಜೆ ಆಲಿಕಲ್ಲಿಗೆ ಊರಿನ ಜೋಳವೆಲ್ಲ ನೆಲಕಚ್ಚಿತು. ಇಬ್ಬರು ಹೋಗಿ ಕರೆತಂದರು. ಮಲಗಿದ ಪೈರನ್ನು ನೋಡಿ ಅವಳಿಗೇ ದಿಗಿಲಾಯಿತು. ಆಮೇಲೆ ಊರಂಚಿನ ಹಳ್ಳದ ಸೇತುವೆಯನ್ನೂ ದಾಟಲಿಲ್ಲ.

ಅವಳ ಕೂದಲು ನರೆತ ಮೇಲೆ ಒಂದು ಡಿಸೆಂಬರಿನಲ್ಲಿ ಬೆಟ್ಟ ಗುಡುಗಿ ಬೂದಿ ಉಗುಳತೊಡಗಿತು. ಊರು ಖಾಲಿ ಮಾಡಿಸಲು ಸೈನ್ಯದ ಲಾರಿಗಳು ಬಂದವು. ಅಜ್ಜನ ಅಪ್ಪಣೆಯಿಲ್ಲದೆ ಒಬ್ಬರೂ ಹತ್ತಲಿಲ್ಲ.

"ಅಜ್ಜ ಕನಸಿಗೆ ಬಂದಿದ್ನಾ ಫಿಲಾ? ಏನಂದ?" ಎಂದು ಜನ ತಿಯೋಫಿಲಾಳನ್ನು ಕೇಳಿದರು.

ಅಷ್ಟು ವರ್ಷಗಳಲ್ಲಿ ಅಜ್ಜ ಅವಳ ಕನಸಿಗೆ ಒಮ್ಮೆಯೂ ಬಂದಿರಲಿಲ್ಲ. ಬೂದಿಗಾಳಿ ಕುಡಿದು ಕೆಮ್ಮುತ್ತಿದ್ದ ಮಕ್ಕಳನ್ನು ಅವಳು ನೋಡಿದಳು.

"ಬಂದಿದ್ದ. ಒಲೆ ಬಳೀಬೇಕು, ನಾಲ್ಕು ದಿನ ಆಚೆ ಇರಿ ಅಂದ."

"ನಮ್ಮತ್ತೆ ಥರಾನೇ ಬಿಡು!" ಎಂದು ಯಾರೋ ನಕ್ಕರು. ಎಲ್ಲರೂ ಹತ್ತಿದೆವು. ತಿಯೋಫಿಲಾ ಗಂಟು ಹಿಡಿದು ಲಾರಿಗೆ ಕಾಲಿಟ್ಟಳು. ಈಗ ಹಣ್ಣು ಮುದುಕನಾಗಿದ್ದ ಅನಾಕ್ಲೆತೋ ಕೈ ಅಡ್ಡ ಇಟ್ಟ.

"ನೀನೆಲ್ಲಿಗೆ ತಾಯಿ? ನೀನೂ ಬಂದ್ರೆ ಅಜ್ಜನ ಹತ್ರ ಯಾರಿರ್ತಾರೆ?"

ಸುಳ್ಳು ಹೇಳಿದೆ ಎಂದರೆ ಎಲ್ಲರೂ ಇಳಿಯುತ್ತಿದ್ದರು. ಅವಳು ಕಾಲು ತೆಗೆದಳು.

"ಹತ್ತಮ್ಮ, ಸಾಯ್ತೀಯ!" ಸೈನಿಕನೊಬ್ಬ ಕೂಗಿದ.

"ನೀನು ಹೊರಡಪ್ಪ, ಮಕ್ಕಳಿದಾರೆ."

ವಾರ ಕಳೆದು ಬಂದಾಗ ಸೂರುಗಳ ಮೇಲೆ ಮೊಣಕಾಲುದ್ದ ಬೂದಿ. ಅವಳು ಊರವರ ಕೋಳಿಗಳನ್ನೆಲ್ಲ ತನ್ನ ಕೋಣೆಯೊಳಗೆ ಕೂಡಿಕೊಂಡು ಬದುಕಿದ್ದಳು. ಜನ ಅವಳ ಕೈಗೆ ಮುತ್ತಿಟ್ಟರು. ಅಜ್ಜ ಏನೇನು ಹೇಳಿದ ಎಂದು ಪಕ್ಕದ ಮನೆಯವಳಾದ ನಾನು ಮೆಲ್ಲಗೆ ಕೇಳಿದೆ.

"ಅವನ ಬಾಯಿಂದ ಒಂದ್ ಮಾತಿಲ್ಲ ಕಣೇ. ಅಂದೂ ಇಲ್ಲ, ಇಂದೂ ಇಲ್ಲ. ನಾನೇ ಅವನ್ನ ಬೈಕೊಂಡು ಕೂತಿದ್ದೆ. ಯಾರಿಗೂ ಹೇಳ್ಬೇಡ."

ಅವಳು ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ. ಆ ವರ್ಷದಿಂದ ಸುತ್ತಲ ಹಳ್ಳಿಗಳವರೂ ಕನಸು ಕೇಳಲು ಬರತೊಡಗಿದರು. ಬೆಳಗಾದರೆ ಅವಳ ಅಂಗಳದ ತುಂಬ ಜನ.