ಏನಾಗ್ಲಿಲ್ಲ ಅಜ್ಜಿ

ಅವಳ ಎರಡು ಕೆನ್ನೆಗಳ ಮೇಲೂ ಯಾರೋ ಕುಂಕುಮದ ಕೈ ಒರೆಸಿದ ಹಾಗೆ ಕೆಂಪಿತ್ತು. ಈಗಿನ ಹುಡುಗಿಯರು ಹಚ್ಚಿಕೊಳ್ಳುವ ಬಣ್ಣವೇನೋ ಅಂದುಕೊಂಡೆ. ಮುಖ ತೊಳೆದುಕೊಂಡು ಬಂದಾಗಲೂ ಹಾಗೇ ಇತ್ತು. ಅದು ಬೆಟ್ಟದ ಗಾಳಿಗೆ, ಚಳಿಗೆ, ಬಿಸಿಲಿಗೆ ಚಿಕ್ಕಂದಿನಿಂದ ಒಡೆದೊಡೆದು ಬಂದ ಕೆಂಪು ಅಂತ ನಿಮ್ಮಮ್ಮ ಕೇಳಿ ತಿಳಿದುಕೊಂಡು ನನಗೆ ಹೇಳಿದಳು.

ಮಕ್ಕಳೇ, ಹಲಸೂರಿನ ನಮ್ಮ ಮನೆಯ ಮಹಡಿ ಮೇಲೆ ಈಗ ನಿಮ್ಮ ಕೇರಂ ಬೋರ್ಡು ಇರುವ ಶೀಟಿನ ರೂಮಿದೆಯಲ್ಲ, ಅಲ್ಲಿ ಅವಳು ಬಾಡಿಗೆಗೆ ಇದ್ದಳು. ಭೂತಾನದವಳು. ನರ್ಸಿಂಗ್ ಓದಲು ಬಂದಿದ್ದಳು. ನಿಮ್ಮಲ್ಲಿ ದೊಡ್ಡವಳಿಗೆ ಆಗಷ್ಟೇ ಮಾತು ಬರುತ್ತಿತ್ತು, ಚಿಕ್ಕವನು ಹುಟ್ಟಿರಲಿಲ್ಲ. ಅವಳ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಮೇಲಿನ ಹುಡುಗಿ ಅಂತಲೇ ಕರೆದೆ. ಕೊನೆಯವರೆಗೂ ಅದೇ ಉಳಿಯಿತು.

ಕಾಲೇಜು ಶುರುವಾಗುವುದಕ್ಕೆ ಮುಂಚೆಯೇ ಬಂದಿದ್ದಳು, ಊರು ನೋಡಬೇಕು ಅಂತ. ಅವಳ ದೇಶದಲ್ಲಿ ಎಲ್ಲೂ ಸಿಗ್ನಲ್ ದೀಪವೇ ಇಲ್ಲವಂತೆ. ಅಂಥವಳು ನಮ್ಮ ಓಲ್ಡ್ ಮದ್ರಾಸ್ ರೋಡಿನ ಅಂಚಿನಲ್ಲಿ ನಿಂತರೆ ಏನಾಗಬೇಕು? ಒಂದು ಕಾಲು ಮುಂದಿಡುವುದು, ಹಿಂದೆ ತೆಗೆಯುವುದು. ಆಚೆ ಬದಿಯ ಅಂಗಡಿಯಿಂದ ಸೋಪು ತರಲು ಹೋದವಳು ಸೋಪಿಲ್ಲದೆ ವಾಪಸು ಬಂದದ್ದನ್ನು ನಾನೇ ನೋಡಿದ್ದೇನೆ. ಆದರೂ ಬೆಳಿಗ್ಗೆ ಎದ್ದರೆ ಹೊರಟೇಬಿಡುತ್ತಿದ್ದಳು. ಶಿವಾಜಿನಗರದ ಮಾರ್ಕೆಟ್ಟು, ಕೆರೆ, ಇಂದಿರಾನಗರದ ದೊಡ್ಡ ಅಂಗಡಿ ಸಾಲು. ಸಂಜೆ ಬೆವರಿಳಿಸಿಕೊಂಡು ಬಂದು ನಲ್ಲಿಯ ಕೆಳಗೆ ತಲೆ ಕೊಡುತ್ತಿದ್ದಳು. ನಾವು ಸಾರಿಗೆ ಹಾಕುವಷ್ಟು ಮೆಣಸಿನಕಾಯಿ ಅವಳಿಗೆ ಒಂದು ತುತ್ತಿಗೆ ಸಾಲದು. ಮೆಣಸಿನಕಾಯಿಯನ್ನೇ ತರಕಾರಿಯಂತೆ ಬೇಯಿಸಿ ತಿನ್ನುವವಳು.

ನಾನು ಆಗ ಹೇಗಿದ್ದೆ ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ತಾತ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಶಾಲೆಗೆ ಹೋಗುವ ಹುಡುಗ. ಹೊರಗೆ ಹೊರಟವರಿಗೆ ಗಂಡ ಸತ್ತವಳು ಎದುರು ಬರಬಾರದು ಅಂತ ನಮ್ಮಲ್ಲಿ. ನನಗೆ ಯಾರೂ ಬೈದು ಕಲಿಸಲಿಲ್ಲ. ಹೊಸಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮಜ್ಜಿ ಮಾಡುತ್ತಿದ್ದದ್ದನ್ನು ನೋಡಿದ್ದೆ, ನಾನೂ ಮಾಡಿದೆ. ಯಾರಾದರೂ ಚಪ್ಪಲಿ ಮೆಟ್ಟಿದ ಸದ್ದಾದರೆ ಸಾಕು, ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ನಿಮ್ಮಪ್ಪ ಪರೀಕ್ಷೆಗೆ ಹೋದಾಗ, ಮೊದಲ ದಿನ ಕೆಲಸಕ್ಕೆ ಹೋದಾಗ, ಹೆಣ್ಣು ನೋಡಲು ಹೊರಟಾಗ ನಾನು ಬಾಗಿಲ ಹಿಂದೆಯೇ. ಅವನಿಗೆ ಕೇಡಾಗಬಾರದು ಅಂತ.

ಮೇಲಿನ ಹುಡುಗಿಗೂ ಹಾಗೇ ಮಾಡಿದೆ. ಬೆಳಿಗ್ಗೆ ನಾನು ಮುಂಬಾಗಿಲ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದೆ. ಮೇಲೆ ರೂಮಿನ ಚಿಲಕ ಹಾಕಿದ ಸದ್ದು ಕೇಳಿದರೆ ಮೊರ ಎತ್ತಿಕೊಂಡು ಒಳಗೆ. ಕಿಟಕಿ ಸಂದಿಯಿಂದ ನೋಡುತ್ತಿದ್ದೆ. ಅವಳು ನಮ್ಮ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಪಾಪ, ಪರದೇಶದ ಹುಡುಗಿ, ಚೆನ್ನಾಗಿರಲಿ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವಳು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ದಾರಿ ತಪ್ಪಿ, ಯಾವುದೋ ಬಸ್ಸು ಹತ್ತಿ, ಎಲ್ಲೋ ಇಳಿದು, ಅತ್ತುಕೊಂಡು ಬಂದಳು. ನಿಮ್ಮಮ್ಮ ಮೇಲೆ ಹೋಗಿ ಸಮಾಧಾನ ಮಾಡಿ ಬಂದವಳು ನನ್ನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅತ್ತೆ, ಆ ಹುಡುಗಿ ಬ್ಯಾಗು ಕಟ್ಟಿಟ್ಟವ್ಳೆ. ಓದೂ ಬೇಡ ಏನೂ ಬೇಡ, ಊರಿಗೇ ಹೋಗ್ತೀನಿ ಅಂತಾಳೆ."

"ಯಾಕಮ್ಮಾ? ಮೇಲೆ ನೀರು ಸರಿಯಾಗಿ ಬರ್ತಿಲ್ವಾ?"

"ನೀರಲ್ಲ ಅತ್ತೆ. ನೀವು."

"ನಾನಾ?"

"ದಿನಾ ಅವಳು ಇಳಿದು ಬರೋ ಹೊತ್ಗೆ ನೀವು ಬಾಗಿಲು ಹಾಕ್ಕೊತೀರಂತೆ. ಇಷ್ಟು ದೊಡ್ಡ ಊರಲ್ಲಿ ದಾರಿ ತಪ್ಪಿದ್ರೂ ಪರವಾಗಿಲ್ಲ, ಇರೋ ಮನೇಲೇ ಅಜ್ಜಿಗೆ ನನ್ನ ಮುಖ ಕಂಡ್ರೆ ಆಗಲ್ಲ, ಹೇಗಿರ್ಲಿ ಅಂತಾಳೆ."

ನಿಮ್ಮಮ್ಮನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದೆ. ನನ್ನ ಹತ್ತಿರ ಇದ್ದದ್ದು ತರಕಾರಿ ಚೌಕಾಶಿಯಲ್ಲಿ ಕಲಿತ ಹಿಂದಿ. ಅದರಲ್ಲಿ ಇದನ್ನೆಲ್ಲ ಹೇಗೆ ಹೇಳಲಿ? ನಿಮ್ಮಮ್ಮ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ನಾಚಿಕೆಯಾಗಿ ತಡವರಿಸಿದಳು. ಹುಡುಗಿ ಕಟ್ಟಿದ ಬ್ಯಾಗಿನ ಮೇಲೆ ಕೂತು ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಏನೋ ಕೇಳಿದಳು.  ನಿಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕನ್ನಡದಲ್ಲಿ ಹೇಳಿದಳು.

"ಅವಳಿಗೂ ಅಪ್ಪ ಇಲ್ವಂತೆ ಅತ್ತೆ. ಹೊರಡೋ ದಿನ ಅವಳಮ್ಮ ಬೆಟ್ಟ ಇಳಿಯೋ ತಿರುವಿನ ತನಕ ಕಾರಿನ ಮುಂದೆ ಮುಂದೆ ನಡ್ಕೊಂಡು ಬಂದ್ರಂತೆ. ಹಾಗಾದ್ರೆ ನಮ್ಮಮ್ಮ ನನಗೆ ಕೆಟ್ಟದ್ದು ಮಾಡಿದ್ಲಾ ಅಂತ ಕೇಳ್ತಿದ್ದಾಳೆ."

 ಅವಳ ಪಕ್ಕದಲ್ಲಿ ಕೂತು, ಬ್ಯಾಗಿನ ಜಿಪ್ಪು ನಾನೇ ತೆಗೆದೆ.

ಕಾಲೇಜಿನ ಮೊದಲ ದಿನ ಬಂತು. ನೀವು ಗೇಟಿನಲ್ಲಿ ನಿಂತೇ ಕಳಿಸಬೇಕು ಅಂತ ಹುಡುಗಿ ಹಿಂದಿನ ದಿನವೇ ನಿಮ್ಮಮ್ಮನ ಕೈಲಿ ಹೇಳಿಸಿದ್ದಳು. ನಾನು ಹೂಂ ಅಂದಿದ್ದೆ. ಆದರೆ ಚಿಲಕದ ಸದ್ದಾದ ಕೂಡಲೇ ಕಾಲು ತಾನಾಗಿ ಒಳಗೆ ಹೋಯಿತು. ಅಷ್ಟು ವರ್ಷದ ಅಭ್ಯಾಸ. ಚಪ್ಪಲಿ ಸದ್ದು ಅರ್ಧ ಮೆಟ್ಟಿಲಿಗೆ ನಿಂತುಬಿಟ್ಟಿತು. ಇಳಿಯಲಿಲ್ಲ.

"ಅತ್ತೆ, ಬಸ್ಸಿಗೆ ಹೊತ್ತಾಗ್ತಿದೆ ಅವಳಿಗೆ," ಅಡುಗೆಮನೆಯ ಕಿಟಕಿಯಿಂದ ಮೆಟ್ಟಿಲು ನೋಡುತ್ತಾ ನಿಮ್ಮಮ್ಮ ಕೂಗಿದಳು.

"ಬರ್ತೀನಿ ಇರು."

"ನಿಮ್ಮನ್ನ ನೋಡ್ದೆ ಇಳಿಯೋ ಹಂಗೆ ಕಾಣಲ್ಲ. ನೋಡಿ, ಅಲ್ಲೇ ಕೂತ್ಕೊಂಡ್ಲು!"

ಬರಿಗೈಯಲ್ಲಿ ಹೋಗಲು ನನಗೆ ಧೈರ್ಯ ಬರಲಿಲ್ಲ. ತುಂಬಿದ ಕೊಡ ಎದುರು ಬಂದರೆ ಶುಭ ಅನ್ನುತ್ತಾರಲ್ಲ. ಬಚ್ಚಲಿನಲ್ಲಿದ್ದ ಬಿಂದಿಗೆಗೆ ಕಂಠದವರೆಗೂ ನೀರು ತುಂಬಿ ಸೊಂಟಕ್ಕಿಟ್ಟುಕೊಂಡೆ. ನನ್ನಿಂದ ಏನಾದರೂ ಕೇಡಿದ್ದರೆ ಕೊಡದ ನೀರು ತಡೆಯಲಿ ಅಂತ ನನ್ನ ಲೆಕ್ಕ. ಸೀರೆಯೆಲ್ಲ ನೆನೆಸಿಕೊಂಡು ಗೇಟಿನ ಹತ್ತಿರ ನಿಂತೆ. ಅವಳು ಇಳಿದು ಬಂದವಳೇ ಬಿಂದಿಗೆ ನೋಡಿ ಕಣ್ಣರಳಿಸಿದಳು. ಅವರ ಕಡೆಯೂ ಹೊರಟಾಗ ತುಂಬಿದ ನೀರು ಎದುರಾದರೆ ಒಳ್ಳೆಯದಂತೆ. ಬೆರಳದ್ದಿ ನೆತ್ತಿಗೆ ಚಿಮುಕಿಸಿಕೊಂಡಳು. ಆಟೋದವರ ಬಾಯಿಂದ ಕಲಿತ ಕನ್ನಡದ ಮಾತು ಅವಳ ಹತ್ತಿರ ಒಂದಿತ್ತು. ಅದನ್ನು ಹೇಳಿದಳು.

"ಏನಾಗಲ್ಲ ಅಜ್ಜಿ."

ಆ ದಿನ ನಾನು ಊಟ ಮಾಡಲಿಲ್ಲ. ಸಂಜೆ ಗೇಟಿನ ಸದ್ದಾಯಿತು. ಅವಳು ಎರಡೂ ಕೈ ಮೇಲೆತ್ತಿ ತಿರುಗಿಸಿ ತೋರಿಸಿ, "ಏನಾಗ್ಲಿಲ್ಲ ಅಜ್ಜಿ!" ಅಂದಳು. ಅಷ್ಟು ಹೇಳಲು ದಾರಿಯುದ್ದಕ್ಕೂ ಯಾರನ್ನೋ ಕೇಳಿ ಕಲಿತು ಬಂದಿದ್ದಳು.

ಅಂದಿನಿಂದ ಅದೇ ರೂಢಿ. ಬೆಳಿಗ್ಗೆ ಬಿಂದಿಗೆಯ ಜೊತೆ ನಾನು, ಸಂಜೆ ಆ ವರದಿಯ ಜೊತೆ ಅವಳು. ಮೆಲ್ಲಮೆಲ್ಲನೆ ರಸ್ತೆ ದಾಟುವುದು ಕಲಿತಳು. ಕಲಿತ ಮೇಲೆ ನನ್ನನ್ನೂ ಕೈಹಿಡಿದು ದಾಟಿಸಿದಳು. ಇಷ್ಟು ವರ್ಷ ಹಲಸೂರಿನಲ್ಲಿದ್ದು ನಾನು ಮೆಟ್ರೊ ಹತ್ತಿರಲಿಲ್ಲ. ತಾನಾಗಿ ಓಡುವ ಮೆಟ್ಟಿಲಿನ ಮುಂದೆ ನಾನು ಕಲ್ಲಾಗಿ ನಿಂತಾಗ ಹಿಂದಿನವರೆಲ್ಲ ಗೊಣಗುತ್ತಿದ್ದರು. ಅವಳು ನನ್ನ ಮುಂದೆ ನಿಂತು, ನನ್ನ ಎರಡೂ ಕೈ ಹಿಡಿದು, ತಾನು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹತ್ತಿಸಿದಳು.

ಒಂದು ದಿನ ಮಾತ್ರ ವರದಿ ಹೇಳುವಾಗ ಅವಳು ಕೈ ಮೇಲೆತ್ತಲಿಲ್ಲ. ಬೇಗ ಬೇಗ ಮೆಟ್ಟಿಲು ಹತ್ತಿದಳು. ಮಾರನೆಯ ದಿನ ಭಾನುವಾರ, ಹಗ್ಗದ ಮೇಲೆ ಒಣಗಿದ್ದ ಅವಳ ಬಟ್ಟೆ ತೆಗೆಯಲು ಹೋದೆ. ಮೊಣಕಾಲಿನ ಹತ್ತಿರ ಹರಿದಿತ್ತು, ಉಜ್ಜಿದರೂ ಹೋಗದ ರಕ್ತದ ಕಲೆಯಿತ್ತು. ಬಸ್ಸಿನಿಂದ ಬಿದ್ದಿದ್ದಳು. ಬಟ್ಟೆ ಹಿಡಿದುಕೊಂಡು ಅವಳ ಮುಂದೆ ನಿಂತೆ.  ಆ ಹೊತ್ತಿಗೆ ಅವಳಿಗೆ ಕನ್ನಡ ಒಂದಿಷ್ಟು ಬರುತ್ತಿತ್ತು.

"ನೀವು ಅಲ್ಲ ಅಜ್ಜಿ. ಬಸ್ಸು. ಬಸ್ಸಿನವನು ನಿಲ್ಸೋಕ್ ಮುಂಚೆ ಇಳಿದೆ. ನಾನೇ ಪೆದ್ದಿ."

"ಮತ್ತೆ ನಿನ್ನೆ ಏನಾಗ್ಲಿಲ್ಲ ಅಂದ್ಯಲ್ಲ?"

"ಹೇಳಿದ್ರೆ ನೀವು ಮತ್ತೆ ಒಳಗೆ ಹೋಗ್ತೀರ."

ಗಾಯಕ್ಕಿಂತ ಹೆಚ್ಚಾಗಿ ಅದಕ್ಕೆ ಹೆದರಿದ್ದಳು. ಮಾರನೆಯ ಬೆಳಿಗ್ಗೆ ಕಾಲೆಳೆಯುತ್ತಾ ಇಳಿದು ಬಂದಾಗ ನಾನು ಗೇಟಿನಲ್ಲಿದ್ದೆ. ಬಿಂದಿಗೆ ತಂದಿರಲಿಲ್ಲ. ಬರಿಗೈಯಲ್ಲಿ ನಿಂತಿದ್ದೆ. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು, ನಕ್ಕಳು.

ಓದು ಮುಗಿಸಿ ಊರಿಗೆ ಹೋದಳು. ನಮ್ಮ ಊರಿನ ನೀರು ಕುಡಿದು ಕೆನ್ನೆಯ ಕೆಂಪು ಅಷ್ಟು ಹೊತ್ತಿಗೆ ಮಾಸಿತ್ತು. ಈಗ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಫೋನಿನಲ್ಲಿ ಮುಖ ತೋರಿಸಿದರೆ ಕೆನ್ನೆ ಮತ್ತೆ ಕೆಂಪಗೆ. ಪಕ್ಕದಲ್ಲಿ ಅವಳಮ್ಮ, ಅವರ ಕೆನ್ನೆಯೂ ಹಾಗೇ.

ಅವಳು ಹೋದ ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಗೇಟಿನ ಹತ್ತಿರ ನಿಂತಿದ್ದೆ. ಕಳಿಸಲು ಯಾರೂ ಇರಲಿಲ್ಲ. ಅಷ್ಟರಲ್ಲಿ ನಿಮ್ಮಪ್ಪ ಕೆಲಸಕ್ಕೆ ಹೊರಟು ಬಂದ. ಅವಳ ಬಸ್ಸು ಮುಂಚೆಯೇ ಇರುತ್ತಿದ್ದರಿಂದ ಅವನು ಹೊರಡುವ ಹೊತ್ತಿಗೆ ನಾನು ಯಾವಾಗಲೂ ಒಳಗಿರುತ್ತಿದ್ದೆ. ಪರದೇಶದ ಹುಡುಗಿಗೆ ನಿಂತವಳು ಮಗನಿಗೆ ನಿಂತಿರಲಿಲ್ಲ. ಅವನು ನನ್ನನ್ನು ನೋಡಿ ಒಂದು ಕ್ಷಣ ತಡೆದ. "ಬರ್ತೀನಮ್ಮ" ಅಂದ. ನಾನು ಸರಿಯಲಿಲ್ಲ. ಬೀದಿಯ ಕೊನೆಯವರೆಗೆ ನೋಡುತ್ತಾ ನಿಂತೆ. ತಿರುವಿನಲ್ಲಿ ಗಾಡಿ ನಿಧಾನ ಮಾಡಿ, ಒಮ್ಮೆ ಹಿಂದಿರುಗಿ ನಮ್ಮ ಬಾಗಿಲ ಕಡೆ ನೋಡಿ, ಹೋದ.

ಅದು ಅವನ ಅಭ್ಯಾಸವಂತೆ. ಶಾಲೆಗೆ ಹೋಗುವಾಗಿನಿಂದ ದಿನವೂ ಆ ತಿರುವಿನಲ್ಲಿ ಹಿಂದಿರುಗಿ ನೋಡುತ್ತಾನೆ ಅಂತ ನಿಮ್ಮಮ್ಮ ಹೇಳಿದಳು. ನನಗೆ ಗೊತ್ತಿರಲಿಲ್ಲ.

ನೀವು ಶಾಲೆಗೆ ಹೊರಡುವಾಗ, "ಒಳಗೆ ಹೋಗಿ ಅಜ್ಜಿ, ಫ್ರೆಂಡ್ಸ್ ನೋಡ್ತಾರೆ" ಅನ್ನುತ್ತೀರಿ. ನಾನು ಹೋಗುವುದಿಲ್ಲ.