ಭಟ್ಟರಿಗೆ ಹೇಳಬೇಕಾದ ಮಾತು

ಅರ್ಧ ಕೊಯ್ದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾದ ಕಾವಲಿಗೆ ಉಜ್ಜಿದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಚೆನ್ನೈನ ಅಣ್ಣಾ ನಗರ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಹೋಟೆಲಿನಿಂದ ಅದು ಬಂತು. ಬಂದ ಬಸ್ಸನ್ನೂ ಬಿಟ್ಟು ಅಲ್ಲೇ ನಿಂತೆ. ಭಟ್ಟರು ನೆನಪಾದರು...

ಹೋಟೆಲಿನ ಅಡುಗೆಯವರನ್ನು ಇಲ್ಲಿನ ಕನ್ನಡದವರು ಭಟ್ಟರು ಎಂದೇ ಕರೆಯುವುದು. ಇವರು ಕುಂದಾಪುರದ ಕಡೆಯವರು. ಚಿಕ್ಕಂದಿನಲ್ಲೇ ಚೆನ್ನೈಗೆ ಬಂದು, ರಾಯಪುರಂನ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಲೇ ಮುದುಕರಾದವರು. ನಾನು ಅವರನ್ನು ಮೊದಲು ಕಂಡದ್ದು ಮಾತ್ರ ಆಸ್ಪತ್ರೆಯಲ್ಲಿ.

ಆಗ ನಾನು ಸಮಾಜಕಾರ್ಯದ ಎಂ.ಎ. ಓದುತ್ತಿದ್ದೆ. ಆರೋಗ್ಯ ಮತ್ತು ಅನಾರೋಗ್ಯ ಎಂಬ ವಿಷಯದ ಪಾಠಕ್ಕಾಗಿ ವಾರ್ಡುಗಳಲ್ಲಿ ಕೆಲಸ ಮಾಡಬೇಕಿತ್ತು. ಕಾಯಿಲೆಯ ವಿಷಯ ಮೊದಲು ತಿಳಿಯಬೇಕಾದದ್ದು ರೋಗಿಗೆ, ಮನೆಯವರಿಗಲ್ಲ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಬರೆದುಕೊಳ್ಳುವಾಗ ಅದರಲ್ಲೇನು ಕಷ್ಟ ಅನ್ನಿಸಿತ್ತು.

ಒಂದು ಬೆಳಿಗ್ಗೆ ವಾರ್ಡಿನಿಂದ ಕರೆ ಬಂತು. ಸಕ್ಕರೆ ಕಾಯಿಲೆಯವರೊಬ್ಬರಿಗೆ ಕಾಲಿನ ಹುಣ್ಣು ಕೊಳೆತು ಮೇಲೇರುತ್ತಿದೆ, ತಮಿಳು ಬರುವುದಿಲ್ಲವಂತೆ, ಕನ್ನಡ ಬಲ್ಲವರು ಬೇಕು ಎಂದು. ನಮ್ಮ ಗುಂಪಿನಲ್ಲಿ ಕನ್ನಡದವಳು ನಾನೊಬ್ಬಳೇ. ಡಾಕ್ಟರು ಮಂಚದ ಪಕ್ಕದಲ್ಲೇ ನಿಂತು ತಮಿಳಿನಲ್ಲಿ ವಿವರಿಸಿದರು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು, ಇವತ್ತೇ. ಇಲ್ಲವಾದರೆ ಜೀವ ಉಳಿಯುವುದಿಲ್ಲ. ರೋಗಿ ಒಪ್ಪಬೇಕು.

ಭಟ್ಟರ ಹೆಂಡತಿಯ ತಮ್ಮ, ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ನನ್ನನ್ನು ಬಾಗಿಲ ಬಳಿ ಕರೆದರು.

"ಕಾಲಿನ ಸುದ್ದಿ ಎತ್ಬೇಡಿ ಮೇಡಂ. ಹುಣ್ಣು ತೊಳೀತಾರೆ, ಅಷ್ಟೇ ಅಂತ ಹೇಳಿ. ನಾನೂ ಹಾಗೇ ಹೇಳಿದ್ದು. ಅಡುಗೆಮನೆಯಿಂದ ಹೊರಗೆ ಬಂದವರಲ್ಲ, ಡಾಕ್ಟರ ತಮಿಳು ಅವರಿಗೆ ತಿಳಿಯೋದಿಲ್ಲ."

"ಎಚ್ಚರ ಆದ್ಮೇಲೆ ಅವರೇ ನೋಡೋದಿಲ್ವಾ?"

"ಆಗಿನದ್ದು ಆಗ. ನಿಂತೇ ಬದುಕಿದ ಮನುಷ್ಯ. ಈಗ ಹೇಳಿದ್ರೆ ಆಪರೇಷನ್ನೇ ಬೇಡ ಅಂತಾರೆ. ಭಾವ ಸತ್ರೆ ನಮ್ಮಕ್ಕನಿಗೆ ನೀವು ಉತ್ತರ ಕೊಡ್ತೀರಾ?"

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಿಸುವವರ ಕಣ್ಣಲ್ಲೂ ನೀರಿರುತ್ತದೆ ಎಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

"ಸೀಕ್ರಂ ಸೊಲ್ಲುಮ್ಮಾ," ಬೇಗ ಹೇಳು ಎಂದು ಡಾಕ್ಟರು ಅವಸರಪಡಿಸಿದರು. ಅವರಿಗೆ ಕನ್ನಡ ತಿಳಿಯದು. ನಾನು ಏನು ಹೇಳಿದರೂ ನಡೆದುಹೋಗುತ್ತಿತ್ತು. ನಿಜ ಹೇಳಿ, ಇವರು ಬೇಡ ಎಂದುಬಿಟ್ಟರೆ? ಭಟ್ಟರು ನನ್ನ ಮುಖವನ್ನೇ ನೋಡುತ್ತಿದ್ದರು. ಮಂಚದ ಅಂಚಿನಲ್ಲಿ ಕೂತೆ.

"ಕಾಲು ತೆಗೀಬೇಕಂತೆ, ಮೊಣಕಾಲಿನ ಕೆಳಗೆ. ಇವತ್ತೇ. ಇಲ್ಲಾಂದ್ರೆ ನೀವು ಉಳಿಯೋದಿಲ್ಲಂತೆ."

ಹಿಂದೆ ಭಾವಮೈದುನ "ಅಯ್ಯೋ ದೇವ್ರೇ" ಎಂದು ಗೋಡೆಗೆ ಒರಗಿದ್ದು ಕೇಳಿಸಿತು. ಭಟ್ಟರು ಹೊದಿಕೆಯ ಮೇಲಿನಿಂದಲೇ ಆ ಕಾಲನ್ನು ಸವರಿದರು.

"ಎಷ್ಟು ಹೆದರ್ತೀಯಾ ಮಾರಾಯ್ತಿ! ಕಾಲು ನಿನ್ನದಾ, ನನ್ನದಾ?"

ಆಮೇಲೆ ಡಾಕ್ಟರ ಕಡೆ ತಿರುಗಿ, ಅಪ್ಪಟ ರಾಯಪುರಂ ತಮಿಳಿನಲ್ಲಿ, ಒಪ್ಪಿಗೆ ಎಂದರು. ಡಾಕ್ಟರು ಬೆಪ್ಪಾಗಿ ನನ್ನನ್ನು ನೋಡಿದರು.

"ಇಷ್ಟು ವರ್ಷ ಇಲ್ಲಿದ್ದು ನಂಗೆ ತಮಿಳು ಬರೂದಿಲ್ವಾ?" ಭಟ್ಟರು ಮತ್ತೆ ನನ್ನ ಕಡೆ ತಿರುಗಿದರು. "ನಿಜ ಎಲ್ಲ ತಮಿಳಲ್ಲೇ ಕೇಳಿಸ್ತಿತ್ತು. ಕನ್ನಡದಲ್ಲಿ ಬರೀ ಸುಳ್ಳು. ನಮ್ಮವರು ಒಬ್ರಾದ್ರೂ ಬಾಯಿಬಿಟ್ಟು ಹೇಳ್ತಾರಾ ಅಂತ ಕಾದೆ."

ಆಮೇಲೆ ಅವರು ಕೆಲವು ವರ್ಷ ಬದುಕಿದರು. ಕಾವಲಿಯ ಮುಂದೆ ನಿಲ್ಲಲಾಗಲಿಲ್ಲ. ಹೋಟೆಲಿನ ಹಿಂಭಾಗದಲ್ಲಿ ಕೂತು ತರಕಾರಿ ಹೆಚ್ಚುತ್ತ, ಹೊಸಬರ ದೋಸೆಯನ್ನು ಬೈಯುತ್ತಿದ್ದರು. ನಾನು ಹೋದಾಗಲೆಲ್ಲ, "ಬಂದ್ಲು ನೋಡಿ, ನನ್ನ ಕಾಲು ತೆಗೆಸಿದವಳು" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು. ಕಾಫಿ ಕುಡಿಯದೆ ಹೊರಡಲು ಬಿಡುತ್ತಿರಲಿಲ್ಲ.

ಕಳೆದ ತಿಂಗಳು ಭಾವಮೈದುನರ ಫೋನ್ ಬಂತು.

"ಭಾವನಿಗೆ ಸ್ವಲ್ಪ ಹುಷಾರಿಲ್ಲ ಮೇಡಂ. ಒಮ್ಮೆ ಬಂದು ಹೋಗ್ತೀರಾ?"

ನಮ್ಮಲ್ಲಿ ಸಾವಿನ ಸುದ್ದಿಯನ್ನು ಹೀಗೆಯೇ ತಿಳಿಸುವುದು. ದಾರಿಯಲ್ಲಿ ಎದೆ ಒಡೆಯಬಾರದೆಂದು.

"ನಿಜ ಹೇಳಿ," ಎಂದೆ.



"ಹೋದ್ರು ಮೇಡಂ. ಬೆಳಿಗ್ಗೆ."

ಆಮೇಲೂ ಇಬ್ಬರೂ ಫೋನ್ ಇಡಲಿಲ್ಲ.

ಅಂದು ಮನೆಗೆ ಹೋಗಿ ಅವರನ್ನು ನೋಡಿ ಬಂದೆ. ಹೋಟೆಲಿಗೆ ಮಾತ್ರ ಇನ್ನೂ ಹೋಗಿಲ್ಲ. ಹೋದರೆ ಹಿಂಭಾಗದಿಂದ ಯಾರೂ ಕೂಗುವುದಿಲ್ಲ.