ಕ್ರಿಸ್ಟೀನಮ್ಮನ ಬಾನಿಯ ಭತ್ತ

ಕ್ರಿಸ್ಟೀನಮ್ಮ ಮದುವೆಯಾಗಿ ಮಂಗಳೂರಿನ ಕಡೆಯಿಂದ ಬೆಳಗೋಡಿಗೆ ಬಂದಾಗ ಅವರಿಗೆ ಗೊತ್ತಿಲ್ಲದ ಸಂಗತಿ ಒಂದೇ: ಘಟ್ಟದ ಮೇಲಿನ ಭತ್ತಕ್ಕೆ ಅವಸರವಿಲ್ಲ. ಸೆಪ್ಟೆಂಬರ್ ಎಂಟು ಮಾತೆ ಮರಿಯಳ ಹುಟ್ಟಿದ ದಿನ, ಮೊಂತಿ ಹಬ್ಬ. ಅಂದು ಹೊಸ ತೆನೆಗೆ ಚರ್ಚಿನಲ್ಲಿ ಆಶೀರ್ವಾದ ಪಡೆದು, ಅದರ ಕಾಳನ್ನು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಉಣ್ಣಬೇಕು. ಕರಾವಳಿಯಲ್ಲಿ ಅಷ್ಟರೊಳಗೆ ತೆನೆ ಬಾಗಿರುತ್ತದೆ. ಇಲ್ಲಿ ಗದ್ದೆಯೆಲ್ಲ ಇನ್ನೂ ಹಸಿರು ಗರಿ.

ಮರುವರ್ಷದಿಂದ ಅವರು ಬಚ್ಚಲ ಹಿಂದಿನ ಕಲ್ಲುಬಾನಿಗೆ ಗದ್ದೆಯ ಮಣ್ಣು ತುಂಬಿ, ಮೇ ತಿಂಗಳ ಮೊದಲ ಮಳೆಗೇ ಒಂದು ಹಿಡಿ ಭತ್ತ ಬಿತ್ತತೊಡಗಿದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಗಂಡ ಕ್ಯಾಜಿಟನ್, "ಈಗ ನಾವೂ ಜಮೀನ್ದಾರರು" ಎಂದು ನಗುತ್ತಿದ್ದರು. ಜಪಮಾಲೆ ಹೇಳುತ್ತ, ಕೋಳಿ ಓಡಿಸುತ್ತ ಕ್ರಿಸ್ಟೀನಮ್ಮ ಐವತ್ತು ವರ್ಷ ಆ ಬಾನಿ ಕಾದರು. "ನಮೋ ಮರಿಯಾ, ಹುಶ್, ಹುಶ್" ಎಂಬುದೇ ಮೊಮ್ಮಗಳು ಸ್ಟೆಫಿ ಕಲಿತ ಮೊದಲ ಪ್ರಾರ್ಥನೆ. ದೂರವಿದ್ದ ಮಕ್ಕಳಿಗೆ ಹಬ್ಬದ ಪಾಯಸಕ್ಕೆಂದು ಲಕೋಟೆಯಲ್ಲಿ ಕಾಳು ಹೋಗುತ್ತಿತ್ತು. ಅಂಚೆಯ ಶಿವಯ್ಯ ಲಕೋಟೆ ಅಲ್ಲಾಡಿಸಿ, "ಅಮ್ಮಾರೇ, ಈ ಸಲ ಫಸಲು ಜೋರೈತೆ ಕಣ್ರೀ!" ಎನ್ನುತ್ತಿದ್ದರು.

ಕಳೆದ ಜನವರಿಯಲ್ಲಿ ಕ್ರಿಸ್ಟೀನಮ್ಮ ತೀರಿಕೊಂಡರು. ಬಾನಿ ಮಗಳು ಏಂಜೆಲಾಳ ಪಾಲಿಗೆ ಬಂತು. ಮೇ ತಿಂಗಳೆಲ್ಲ ಅಮ್ಮನ ಸೀರೆಗಳನ್ನು ಮಡಿಸಿ ಹಂಚುವುದರಲ್ಲೇ ಕಳೆದು, ಅವಳು ಬಿತ್ತಿದ್ದು ಜೂನ್ ನಡುವಿನಲ್ಲಿ. ಸೆಪ್ಟೆಂಬರ್ ಏಳರ ಬೆಳಗ್ಗೆ ನೋಡಿದರೆ ಒಂದು ತೆನೆಯೂ ಹೊರಗೆ ಬಂದಿಲ್ಲ.

"ಚರ್ಚಲ್ಲಿ ಎಲ್ಲರಿಗೂ ತೆನೆ ಕೊಡ್ತಾರಲ್ಲ, ಅದೇ ಸಾಕು," ಎಂದ ತಮ್ಮ ನೆವಿಲ್.

"ನಿನಗೆ ಸಾಕು," ಎಂದಳು ಏಂಜೆಲಾ. ಅಮ್ಮನಿಲ್ಲದ ಮೊದಲ ಹಬ್ಬ. ಅಮ್ಮನ ಬಾನಿಯ ಕಾಳೂ ಇಲ್ಲವೆಂದರೆ ಅವಳಿಗೆ ಅದು ಹಬ್ಬವೇ ಅಲ್ಲ.

ಅವಳು ಬಾನಿಯ ಬಳಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಪಕ್ಕದ ಮನೆಯ ರಾಮಮ್ಮ ಬಂದು, ಉಬ್ಬಿದ ಒಂದು ದಂಟನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದರು.

"ಇದಕ್ಕೆಲ್ಲ ಅಳ್ತಾರೇನವ್ವ? ಬಸುರಿ ಐತೆ ಕಣೆ ಇದು. ತೆನೆ ಹೊಟ್ಟೇಲೈತೆ."

"ನಾಳೇನೇ ಹಬ್ಬ, ದೊಡ್ಡಮ್ಮ."

"ಆದ್ರೇನೀಗ? ನಿಮ್ಮವ್ವ ಬಂದ ವರ್ಷ ನಮ್ಮ ಗದ್ದೇಲಿ ಬರೀ ಗರಿ ಕುಯ್ಕೊಂಡು ಹೋಗ್ಬುಟ್ಟಿದ್ರು. ಪಾದ್ರಿಗಳು, ‘ಏನಮ್ಮ, ಹಸೂಗೆ ಮೇವಾ?’ ಅಂದ್ರಂತೆ. ‘ಮಗು ಆಮೇಲೆ ಹುಟ್ತೈತೆ ಸ್ವಾಮಿ, ನಾಮಕರಣ ಮೊದ್ಲು ಮಾಡ್ಬುಡಿ’ ಅಂದ್ರಂತೆ ಇವ್ರು!"

ಐವತ್ತು ವರ್ಷದಲ್ಲಿ ಅಮ್ಮ ಈ ಕಥೆಯನ್ನು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಏಂಜೆಲಾ ಬಾನಿಯ ಅಂಚು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ಮೂರು ದಂಟು ಹಿಡಿದೇ ಚರ್ಚಿಗೆ ಹೋದಳು. ಪಾದ್ರಿಗಳು ಒಮ್ಮೆ ದಂಟು ನೋಡಿದರು, ಒಮ್ಮೆ ಅವಳ ಮುಖ ನೋಡಿದರು, ತೀರ್ಥ ಚಿಮುಕಿಸಿದರು.

ಊಟಕ್ಕೆ ಮುಂಚೆ ದಂಟು ಸೀಳಿದರೆ ಒಳಗೆ ಎಳೆ ತೆನೆ, ಹಸುಗೂಸಿನ ಕೂದಲಿನಷ್ಟು ನವಿರು. ಕುಟ್ಟಲು ಕಾಳೇ ಕಟ್ಟಿಲ್ಲ. ಹಾಗೇ ಸಣ್ಣಗೆ ಹೆಚ್ಚಿ ತೆಂಗಿನಹಾಲಿನ ಪಾಯಸಕ್ಕೆ ಹಾಕಿದಳು.

ನೆವಿಲ್ ಚಮಚದಲ್ಲಿ ಕೆದಕಿ ಕೆದಕಿ, "ಅಕ್ಕಾ, ನನ್ನ ಪಾಲು ಕಾಣ್ತಾನೇ ಇಲ್ಲ," ಎಂದ.

"ಅಜ್ಜಿ ಇದ್ದಿದ್ರೆ, ಹುಡುಕಬೇಡ, ನುಂಗು ಅಂತಿದ್ರು," ಎಂದಳು ಸ್ಟೆಫಿ.

ಏಂಜೆಲಾ ಅವನಿಗೆ ಇನ್ನೊಂದು ಸೌಟು ಬಡಿಸಿ, ರಾಮಮ್ಮನಿಗೆಂದು ಒಂದು ಲೋಟ ತೆಗೆದಿಟ್ಟು, ತಾನೂ ಉಣ್ಣಲು ಕೂತಳು.